ಹಳೆಯ ಗೋಡೆಗಳ ಒಳಗೇ ಮಕ್ಕಳ ವಾರ್ಡ್: ನನ್ನ ಅನುಭವ

ಬ್ರಿಟಿಷರ ಕಾಲದ ನಮ್ಮ ಆಸ್ಪತ್ರೆಯ ಪಾಳುಬಿದ್ದ ಪಡಸಾಲೆಯನ್ನು ಕೆಡವದೆ ಮಕ್ಕಳ ವಾರ್ಡ್ ಮಾಡುತ್ತೇನೆ ಎಂದಾಗ ಎಂಜಿನಿಯರುಗಳಿಂದ ಟ್ರಸ್ಟಿಗಳವರೆಗೆ ಯಾರೂ ನಂಬಲಿಲ್ಲ. ಹೊಸ ಕಟ್ಟಡಕ್ಕೆ 2 ಕೋಟಿ ದಾಟುವ ಅಂದಾಜುಪಟ್ಟಿ ಸಿದ್ಧವಾಗಿತ್ತು. ನಾನು ಮುಗಿಸಿದ್ದು ಹೆಚ್ಚುಕಡಿಮೆ 70 ಲಕ್ಷದಲ್ಲಿ. ಮಲೆನಾಡಿನ ಎರಡು ಮಳೆಗಾಲ ಕಳೆದರೂ ಗೋಡೆ ಒಣಗಿಯೇ ಇದೆ.

ಸಿಎಸ್‌ಆರ್ ಹಣವನ್ನು, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಹಣವನ್ನು, ನಂಬಿ ಒಂದು ವರ್ಷ ಹಾಳಾಯಿತು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಇತ್ತು, ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿಯ 12ಎ ಇತ್ತು. ಆದರೆ ಈ ಹಣ ಪಡೆಯುವ ಸಂಸ್ಥೆಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ ಕೈಸೇರುವಷ್ಟರಲ್ಲಿ ಮಾರ್ಚ್‌ನೊಂದಿಗೆ ಹಣಕಾಸು ವರ್ಷ ಮುಗಿದು, ಒಪ್ಪಿದ್ದ ಕಂಪನಿಯ 25 ಲಕ್ಷ ಬೇರೆ ಕಡೆ ಹೋಯಿತು. ಆಮೇಲೆ ಇಡೀ ವಾರ್ಡಿಗೆಂದು ಯಾರನ್ನೂ ಕೇಳಲಿಲ್ಲ. ಒಬ್ಬರಿಗೆ ಆಕ್ಸಿಜನ್ ಪೈಪು, ಇನ್ನೊಬ್ಬರಿಗೆ ಶೌಚಾಲಯ, ಅಡಿಕೆ ಮಂಡಿಯವರಿಗೆ ತಲಾ ಒಂದು ಹಾಸಿಗೆ, ಸುಮಾರು 60 ಸಾವಿರ. ತಿಂಗಳು ತಿಂಗಳು ಬಿಲ್ಲುಗಳ ಪ್ರತಿಯನ್ನು ಕೊಟ್ಟವರ ಮನೆಗೇ ಮುಟ್ಟಿಸಿದೆ. ಅವರಲ್ಲಿ ಅರ್ಧಕ್ಕರ್ಧ ಜನ ಎರಡನೆಯ ಸಲವೂ ಕೊಟ್ಟರು. ಅದಕ್ಕೆ ಮಾಡಿದ ಇನ್ನೊಂದು ಉಪಾಯವನ್ನು ಈಗಲೇ ಹೇಳುವುದಿಲ್ಲ, ಹೆರಿಗೆ ವಾರ್ಡ್ ಇನ್ನೂ ಬಾಕಿಯಿದೆ.

ಹಿಂದಿನ ಗುತ್ತಿಗೆದಾರರು ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದ್ದರು. ತೇವಕ್ಕೆ ಹೊರದಾರಿಯಿಲ್ಲದೆ ಅದು ಹಪ್ಪಳದಂತೆ ಏಳುತ್ತಿತ್ತು. ಕೆತ್ತಿ ತೆಗೆಸಲಿಕ್ಕೇ 4 ಲಕ್ಷ ಹೋಯಿತು. ವಾರಗಟ್ಟಲೆ ತೊಟ್ಟಿಯಲ್ಲಿ ನೆನೆದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಬೆರೆಸಿ ಮತ್ತೆ ಗಿಲಾವು ಮಾಡಿಸಿದೆ. ಜೊತೆಗೆ ಅಳಲೆಕಾಯಿ ಕಷಾಯ, ಬೆಲ್ಲದ ನೀರುಗಳನ್ನು ಬೇರೆ ಬೇರೆ ಅಳತೆಯಲ್ಲಿ ಹಿತ್ತಲ ಗೋಡೆಯ ಮೇಲೆ ಪರೀಕ್ಷಿಸಿದೆ. ಬೆಲ್ಲ ಹೆಚ್ಚಾದ ಕಡೆ ಇರುವೆ ಮುತ್ತಿದವು. ಸರಿಬಂದ ಅಳತೆ ನಮ್ಮ ಮೇಸ್ತ್ರಿಯದು, ಅವರನ್ನೇ ಕೇಳಬೇಕು.

ತಾಮ್ರದ ಆಕ್ಸಿಜನ್ ಪೈಪಿಗಾಗಿ ಗೋಡೆ ಕೊರೆಯಲು ಬಿಡಲಿಲ್ಲ. ಕ್ಲಾಂಪ್ ಹಾಕಿಸಿ ಮೇಲಿಂದಲೇ ಎಳೆಸಿದೆ, ಸೋರಿಕೆ ಹುಡುಕುವುದೂ ಸುಲಭವಾಯಿತು. 16 ಅಡಿ ಎತ್ತರದ ಚಾವಣಿಯ ಕೆಳಗೆ ಮುಚ್ಚಿಹೋಗಿದ್ದ ಗವಾಕ್ಷಿಗಳನ್ನೆಲ್ಲ ತೆರೆಸಿದೆ. ಫಾಲ್ಸ್ ಸೀಲಿಂಗ್ ಮಾಡಿಸಿ ಎಸಿ ಕೂರಿಸಿ ಎಂಬ ಒತ್ತಾಯ ಬಹಳವಿತ್ತು. ಕೆಮ್ಮುವ ಮಕ್ಕಳು ಪರಸ್ಪರರ ಉಸಿರನ್ನೇ ಎಳೆದುಕೊಳ್ಳುವ ಕೋಣೆ ನನಗೆ ಬೇಕಿರಲಿಲ್ಲ. 24 ಹಾಸಿಗೆ ಹಿಡಿಯುವ ಜಾಗದಲ್ಲಿ 20 ಹಾಕಿಸಿದೆ. ಪಕ್ಕದಲ್ಲಿ ತಾಯಿ ಕಾಲು ಚಾಚಿ ಮಲಗುವಷ್ಟು ಸ್ಥಳ ಬೇಕೇ ಬೇಕು ಎಂದು ಟ್ರಸ್ಟಿಗಳೊಡನೆ ಜಗಳವನ್ನೇ ಆಡಿದೆ.

ಕಟ್ಟಲು ಕೊಟ್ಟವರಲ್ಲಿ ಒಬ್ಬರೂ ನಿರ್ವಹಣೆಗೆ ಕೊಡಲಿಲ್ಲ. ಅದಕ್ಕಾಗಿ ಮೊದಲೇ ತೆಗೆದಿಟ್ಟ 6 ಲಕ್ಷ ಬ್ಯಾಂಕಿನ ಠೇವಣಿಯಲ್ಲಿದೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಸುಣ್ಣ ಬಳಿಸಿ, ಮುಂಗಾರಿಗೆ ಮೊದಲು ಚಾವಣಿಯ ನೀರುದಾರಿ ಬಿಡಿಸುತ್ತೇವೆ.