ಕಲ್ಲಿನ ಗೋಡೆ ದಾಟಿಸಿ ಹಿಂದಿನ ಕೋಣೆಗೆ ನೆಟ್ ತಂದಿದ್ದು

ಕುಷ್ಟಗಿಯ ನಮ್ಮ ಮನೆ ಹಳೇ ಮಾಳಿಗೆ ಮನೆ. ಗೋಡೆ ಎರಡು ಅಡಿ ದಪ್ಪ, ಕಲ್ಲು ಮತ್ತು ಮಣ್ಣು. ನೆಟ್ ಬರುವ ಫೈಬರ್ ಪೆಟ್ಟಿಗೆ, ಅಂದರೆ ನಮ್ಮ ಮೊದಲ ರೂಟರ್, ಮುಂದಿನ ಪಡಸಾಲೆಯಲ್ಲಿದೆ, ತಮ್ಮ ಓದುವುದು ಹಿತ್ತಲ ಕಡೆಯ ಕೋಣೆಯಲ್ಲಿ. ಅಲ್ಲಿ ವೈಫೈ ಸಿಗುತ್ತಲೇ ಇರಲಿಲ್ಲ.

ರಿಪೀಟರ್ ಹಾಕು ಅಂತ ಎಲ್ಲರೂ ಹೇಳಿದರು. ನಾನು ತರಲಿಲ್ಲ. ರಿಪೀಟರ್ ಗಾಳಿಯಲ್ಲಿ ಬಂದಿದ್ದನ್ನೇ ಹಿಡಿದು ಮತ್ತೆ ಗಾಳಿಗೆ ಬಿಡುತ್ತದೆ, ಎರಡೂ ಕೆಲಸ ಒಂದೇ ಬ್ಯಾಂಡಿನಲ್ಲಿ ನಡೆದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಮುಂದೆ ಏನು ಕೊಟ್ಟೀತು? ಇಂಥ ಗೋಡೆಗೆ ವೈರ್ ಎಳೆಯುವುದೇ ಸರಿ, ಎರಡನೇ ರೂಟರ್ ಆ ವೈರಿನ ತುದಿಯಲ್ಲಿ ಇರಬೇಕು.

'ಗ್ವಾಡಿಗೆ ತೂತು ಹಾಕಬ್ಯಾಡಪ್ಪ' ಅಂದಳು ಅವ್ವ. ಆಕೆಯ ಮಾತು ನಿಜ, ಮಣ್ಣಿನ ಗೋಡೆಗೆ ಡ್ರಿಲ್ ಹಾಕಿದರೆ ಒಳಗಿನ ಮಣ್ಣು ಉದುರುತ್ತಲೇ ಇರುತ್ತದೆ. ಅದಕ್ಕೆ ಬೆಳಕಿಂಡಿಯಿಂದ ಕೇಬಲ್ ಮೇಲೆ ತೆಗೆದು, ಮಾಳಿಗೆ ಮೇಲೆ ಪಿವಿಸಿ ಪೈಪಿನೊಳಗೆ ಹಾಯಿಸಿ, ಹಿಂದಿನ ಕೋಣೆಯ ಕಿಟಕಿಯಿಂದ ಒಳಗೆ ತಂದೆ. ಒಳಗೆ ಹೋಗುವ ಮುಂಚೆ ಕೇಬಲ್ಲನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಹೊರಗಿನ ಬಳಕೆಗೆಂದೇ ಬರುವ ಕಪ್ಪು ಹೊದಿಕೆಯ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್ಲಿನ ಒಂದು ದರ್ಜೆ) ಒಳ್ಳೆಯದು. ಕೊಳ್ಳುವಾಗ ಒಳಗಿನ ತಂತಿ ಪೂರ್ತಿ ತಾಮ್ರವಾ ಅಂತ ಕೇಳಿ, ಅಗ್ಗದ್ದರಲ್ಲಿ ಅಲ್ಯುಮಿನಿಯಂಗೆ ತಾಮ್ರ ಲೇಪಿಸಿರುತ್ತಾರೆ. 100 ಮೀಟರ್ ತನಕ ಏನೂ ತೊಂದರೆಯಿಲ್ಲ.

ಇನ್ನು ರೂಟರ್ ಸೆಟ್ಟಿಂಗ್. ಕಪಾಟಿನಲ್ಲಿದ್ದ ಹಳೇ ರೂಟರನ್ನೇ ಬಳಸಿದೆ. ಲ್ಯಾಪ್‌ಟಾಪಿಗೆ ಅದೊಂದನ್ನೇ ಜೋಡಿಸಿಕೊಂಡು ಮೊದಲು ಅದರ ವಿಳಾಸ ಬದಲಿಸಬೇಕು. ಮುಂದಿನದು 192.168.1.1 ಇತ್ತು, ಇದಕ್ಕೆ 192.168.1.2 ಕೊಟ್ಟೆ. ಮುಂದಿನ ರೂಟರ್ ಹಂಚುವ ವಿಳಾಸಗಳ ಸಾಲಿನಲ್ಲಿ ಈ ನಂಬರ್ ಇರಬಾರದು, ಅದನ್ನೂ ನೋಡಿಕೊಂಡೆ. ಹೊಸ ವಿಳಾಸದಿಂದ ಮತ್ತೆ ಸೆಟ್ಟಿಂಗ್ ಒಳಗೆ ಹೋಗಿ ಡಿಎಚ್‌ಸಿಪಿ, ಅಂದರೆ ಫೋನು ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿದೆ. ಒಂದೇ ಮನೆಯಲ್ಲಿ ಎರಡು ಪೆಟ್ಟಿಗೆಗಳು ವಿಳಾಸ ಹಂಚಲು ನಿಂತರೆ ಯಾವ ಫೋನಿಗೆ ಯಾವಾಗ ನೆಟ್ ಹೋಗುತ್ತದೋ ಹೇಳಲಾಗದು. ಆಮೇಲೆ ಕೇಬಲ್ಲನ್ನು ಲ್ಯಾನ್ ಪೋರ್ಟಿನಿಂದ (ಮನೆಯೊಳಗಿನ ಸಾಧನ ಜೋಡಿಸುವ ಕಿಂಡಿ) ಲ್ಯಾನ್ ಪೋರ್ಟಿಗೇ ಹಾಕಿ. ಹೊರಗಿನ ನೆಟ್ ಬರಲೆಂದಿರುವ ವ್ಯಾನ್ ಪೋರ್ಟಿಗೆ ಹಾಕಿದರೂ ನೆಟ್ ಬರುತ್ತದೆ, ಆದರೆ ಎರಡನೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ, ಮುಂದಿನ ಪಡಸಾಲೆಯಿಂದ ಹಿಂದಿನ ಕೋಣೆಯ ಪ್ರಿಂಟರ್ ಕಾಣುವುದಿಲ್ಲ. ಹೊಸ ರೂಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈರಿನಲ್ಲಿ ಬಂದ ನೆಟ್ಟನ್ನು ವೈಫೈಗೆ ಕೊಡುವುದಷ್ಟೇ ಕೆಲಸ) ಇದ್ದರೆ ಇಷ್ಟೆಲ್ಲ ಬೇಕಿಲ್ಲ, ಅದೊಂದನ್ನು ಆರಿಸಿದರೆ ಸಾಕು.

ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11. ನಡೆದು ಹೋಗುವಾಗ ಯಾವ ರೂಟರ್ ಹಿಡಿಯಬೇಕು ಅಂತ ತೀರ್ಮಾನಿಸುವುದು ಫೋನೇ, ಹಾಗಾಗಿ ಕೆಲವು ಫೋನ್ ಹಳೆಯದಕ್ಕೇ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತವೆ.

ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್, ಟಿವಿ, ಪ್ರಿಂಟರ್ ಎಲ್ಲಕ್ಕೂ ವೈರ್ ಬೇಕಿತ್ತು. ಅಲ್ಲಿ 5 ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಇಟ್ಟೆ, ಇದು ಒಂದು ನೆಟ್‌ವರ್ಕ್ ಕೇಬಲ್ಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ. ಅದಕ್ಕೆ ಸೆಟ್ಟಿಂಗ್ ಏನೂ ಇಲ್ಲ, ಸುಮ್ನೆ ಜೋಡಿಸಿದರಾಯ್ತು. ವೇಗ ಸುಮಾರು 95 ಎಂಬಿಪಿಎಸ್‌ಗೇ ನಿಂತರೆ ಕ್ರಿಂಪಿಂಗ್, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂಡಿಸಿದ್ದು, ನೋಡಿ. ಗಿಗಾಬಿಟ್ಟಿಗೆ ಎಂಟೂ ತಂತಿ ಬೇಕು, ಒಂದು ಕೂಡದಿದ್ದರೂ 100ಕ್ಕೆ ಇಳಿಯಬಹುದು. ಹಳೇ ರೂಟರಿನ ಪೋರ್ಟೇ 100ರದ್ದಿರಬಹುದು, ನಮ್ಮದು ಹಾಗೇ ಇತ್ತು, ಅದಕ್ಕೆ ಬಂದ ಕೇಬಲ್ಲನ್ನು ಮೊದಲು ಸ್ವಿಚ್ಚಿಗೆ ಕೊಟ್ಟು ಅಲ್ಲಿಂದ ರೂಟರಿಗೆ ಕೊಟ್ಟೆ. ಕಂಪ್ಯೂಟರಿಗೆ ಪೂರ್ತಿ ವೇಗ ಸಿಗುತ್ತಿದೆ.

ಕರೆಂಟ್ ಹೋದಾಗ ಮುಂದಿನ ಪೆಟ್ಟಿಗೆ, ಸ್ವಿಚ್, ಹಿಂದಿನ ರೂಟರ್ ಮೂರಕ್ಕೂ ಯುಪಿಎಸ್ ಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಚಿಕ್ಕ ಯುಪಿಎಸ್ ಕೊಳ್ಳುವಾಗ ಒಂದೊಂದರ ಅಡಾಪ್ಟರ್ ಮೇಲಿನ ವೋಲ್ಟೇಜ್ ಓದಿ, ರೂಟರ್ 12 ವೋಲ್ಟಿನದಿದ್ದರೂ ಸ್ವಿಚ್ 5 ವೋಲ್ಟಿನದಿರಬಹುದು. ಗುಡುಗು ಮಿಂಚು ಶುರುವಾದರೆ ನಾನು ಮಾಳಿಗೆ ಮೇಲಿನ ಕೇಬಲ್ಲನ್ನು ಎರಡೂ ಕಡೆ ಕಿತ್ತಿಡುತ್ತೇನೆ. ಹೊಲದ ಮನೆಗೋ ಎದುರಿನ ಕಟ್ಟಡಕ್ಕೋ ಎಳೆಯುವುದಾದರೆ ತಾಮ್ರ ಬೇಡ, ಲೋಹದ ತಂತಿಯಿಲ್ಲದ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿನ ಸಿಗ್ನಲ್ಲಿಗೆ ಬದಲಿಸುವ ಪೆಟ್ಟಿಗೆ) ಹಾಕಿ.