‘ಸುಮಾರು 40 ಅಡಿ’ ಎಂದು ಬರೆದಿದ್ದ ಕಡೆ

ತುಮಕೂರಿನಲ್ಲಿ ಹದಿನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿದ ಮೇಲೆ ನಾನು ಕಾನೂನು ಓದಲು ಕೂತವನು. ಸಂಶೋಧನೆಗೆ ವಿಷಯ ಹುಡುಕುವಾಗ ನನಗೆ ಗೊತ್ತಿದ್ದ ಬೆಳಕನ್ನೂ ಹೊಸದಾಗಿ ಕಲಿತ ಕಾನೂನನ್ನೂ ಬಿಡುವ ಮನಸ್ಸಾಗಲಿಲ್ಲ. ಅಪಘಾತದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಕೊಡುವಾಗ ಲೇಸರ್ ಅಳತೆಗೆ ಎಷ್ಟು ಬೆಲೆ? ಇದು ನನ್ನ ಪ್ರಶ್ನೆ.

ಮೊದಲ ವರ್ಷ ಬರೀ ಓದು. ಒಂದು ಕಡೆ, ಅಪಘಾತದಲ್ಲಿ ಸತ್ತವರ ಮನೆಯವರು ಪರಿಹಾರ ಕೇಳಬಹುದು ಎಂದ ನಮ್ಮ ದೇಶದ 1855ರ ಫೇಟಲ್ ಆಕ್ಸಿಡೆಂಟ್ಸ್ ಆ್ಯಕ್ಟ್. ಅದಕ್ಕೂ ಮೊದಲು 1846ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲಾರ್ಡ್ ಕ್ಯಾಂಬೆಲ್ ಕಾಯ್ದೆ. ಅಲ್ಲಿಯವರೆಗೆ ಗಾಯಗೊಂಡವನು ದಾವೆ ಹಾಕಬಹುದಿತ್ತು, ಸತ್ತವನ ಹೆಂಡತಿ ಮಕ್ಕಳಿಗೆ ಕೇಳುವ ಹಕ್ಕೇ ಇರಲಿಲ್ಲ. ಇನ್ನೊಂದು ಕಡೆ 1960ರಲ್ಲಿ ಥಿಯೋಡರ್ ಮೇಮನ್ ಮಾಣಿಕ್ಯದ ಹರಳಿನಿಂದ ಹೊಮ್ಮಿಸಿದ ಮೊದಲ ಲೇಸರ್. ಎರಡನ್ನೂ ಒಂದೇ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ, ಆದರೆ ಅವು ಕೂಡಿಕೊಳ್ಳಲಿಲ್ಲ. ಕೂಡಿಸಿದ್ದು ಒಂದು ಕೇಸು.

ಪರಿಚಯದ ವಕೀಲರು ಕಡತ ತಂದುಕೊಟ್ಟರು. ಸತ್ತವರು ಕೊಬ್ಬರಿ ವ್ಯಾಪಾರಿ, ವಯಸ್ಸು 34. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಡಿವೈಡರ್ ಬಿಟ್ಟಿರುವ ಕಡೆ ಮೊಪೆಡ್ಡಿನಲ್ಲಿ ದಾಟುವಾಗ ಕಾರು ಹೊಡೆದಿತ್ತು. ದಿಢೀರನೆ ಅಡ್ಡ ಬಂದದ್ದರಿಂದ ನೂರಕ್ಕೆ 30 ಪಾಲು ತಪ್ಪು ಅವರದೇ ಎಂಬುದು ವಿಮೆ ಕಂಪನಿಯ ವಾದ. ಪಂಚನಾಮೆಯಲ್ಲಿ, ಬ್ರೇಕ್ ಹಾಕಿದಾಗ ಕಾರಿನ ಟೈರು ರಸ್ತೆಯ ಮೇಲೆ ಬಿಟ್ಟ ಗೆರೆ ‘ಸುಮಾರು 40 ಅಡಿ’ ಎಂದಿತ್ತು. ಆ ‘ಸುಮಾರು’ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ.

30 ಪಾಲು ಅಂದರೆ ಎಷ್ಟು ಎಂದು ಲೆಕ್ಕ ಹಾಕಿದೆ. ತಿಂಗಳ ಆದಾಯ 15,000 ಎಂದು ಹಿಡಿಯೋಣ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪಿನಂತೆ, ಸ್ವಂತ ದುಡಿಮೆಯ 40 ವರ್ಷದೊಳಗಿನವರಿಗೆ ಮುಂದಿನ ಏಳಿಗೆಗೆಂದು ನೂರಕ್ಕೆ 40 ಸೇರಿಸಬೇಕು, 21,000 ಆಯಿತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ವರು ಅವಲಂಬಿತರು. ಆದ್ದರಿಂದ ಸತ್ತವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಅದೇ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 16. ಒಟ್ಟು 30,24,000. ಇದರಲ್ಲಿ 30 ಪಾಲು ಕಡಿದರೆ 9,07,200 ರೂಪಾಯಿ ಹೋಗುತ್ತದೆ. ಹೆಣ್ಣುಮಗಳೊಬ್ಬಳ ಓದು, ಮನೆಯ ಸೂರು, ಎಲ್ಲ ಆ ‘ಸುಮಾರು’ ಎಂಬ ಪದದ ಮೇಲೆ ನಿಂತಿತ್ತು.

ಗೆರೆ ಅಳಿಸಿ ಎಷ್ಟೋ ತಿಂಗಳಾಗಿತ್ತು. ಆದರೆ ಅಪಘಾತದ ಸಂಜೆ ಸತ್ತವರ ಹೆಂಡತಿಯ ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆದಿದ್ದ. ಗೆರೆ ಶುರುವಾದ ಕಡೆ ಡಿವೈಡರಿನ ಕಲ್ಲೊಂದರ ಮೂಲೆ ಮುರಿದಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಗೆರೆ ಮುಗಿದದ್ದು ಡಿವೈಡರ್ ಬಿಟ್ಟ ಜಾಗದ ಅಂಚಿನಲ್ಲಿ. ಮುರಿದ ಕಲ್ಲು ಕಣಗಿಲೆ ಗಿಡದ ಬುಡದಲ್ಲಿ ಇನ್ನೂ ಹಾಗೇ ಇತ್ತು!

ಅಳೆಯಲು ಮೊದಲ ದಿನ ಮಧ್ಯಾಹ್ನ ಹೋಗಿದ್ದು ನನ್ನ ತಪ್ಪು. ಲೇಸರಿನಿಂದ ದೂರ ಅಳೆಯುವ, ಕೈಯಲ್ಲಿ ಹಿಡಿಯುವ ಮೀಟರಿನ ಕೆಂಪು ಚುಕ್ಕೆ ಒಂದು ಮಿಲಿವಾಟಿಗಿಂತ ಕಡಿಮೆ ಬೆಳಕಿನದು, ಬಿಸಿಲಲ್ಲಿ ಟಾರಿನ ಮೇಲೆ ಕಾಣಲೇ ಇಲ್ಲ. ಒಮ್ಮೆ 14 ಮೀಟರ್ ತೋರಿಸಿತು, ನಡುವೆ ಹಾದುಹೋದ ಲಾರಿಯ ಮೇಲೆ ಬಿದ್ದಿತ್ತು. ಮರುದಿನ ಬೆಳಗ್ಗೆ ಆರಕ್ಕೇ ಹೋದೆವು. ಆ ತಮ್ಮ ಬಿಳಿ ಥರ್ಮೋಕೋಲ್ ಹಿಡಿದು ನಿಂತ. “ಸಾರ್, ಲಾರಿ ಬತ್ತೈತೆ, ಈಚೆಗ್ ಬನ್ನಿ” ಅಂತ ನನ್ನನ್ನೂ ಕಾಯುತ್ತಿದ್ದ. ನಡುವೆ ಒಮ್ಮೆ, “ನಮ್ ಭಾವನೇ ಅಡ್ಡ ಬಂದ್ರು ಅಂತ ಬರ್ದವ್ರೆ ಸಾರ್” ಎಂದು ಹೇಳಿ ಸುಮ್ಮನಾದ. ಮೀಟರು ತನ್ನ ಹಿಂಬದಿಯ ಅಂಚಿನಿಂದ ಲೆಕ್ಕ ಹಿಡಿಯುತ್ತದೆ, ಅದನ್ನೇ ಕಲ್ಲಿನ ಮುರಿದ ಮೂಲೆಗೆ ಒತ್ತಿ ಹಿಡಿದು ಏಳು ಸಲ ಅಳೆದೆ. 21.6 ಮೀಟರ್. ಅಂದರೆ 40 ಅಡಿ ಅಲ್ಲ, ಹತ್ತಿರ ಹತ್ತಿರ 71 ಅಡಿ.

ಒಣ ಟಾರಿನಲ್ಲಿ ಘರ್ಷಣೆಯ ಅಂಕಿ, ಅಂದರೆ ಟೈರು ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ, 0.7 ಎಂದು ಹಿಡಿದರೆ, 40 ಅಡಿ ಗೆರೆಗೆ ಗಂಟೆಗೆ ಸುಮಾರು 47 ಕಿಲೋಮೀಟರ್ ವೇಗ ಬರುತ್ತದೆ. 21.6 ಮೀಟರಿಗೆ 62. ಅದೂ ಕಾರು ಗೆರೆಯ ಕೊನೆಗೆ ಪೂರ್ತಿ ನಿಂತಿದ್ದರೆ ಮಾತ್ರ; ಅದು ನಿಲ್ಲದೆ ಹೊಡೆದಿದ್ದರಿಂದ ನಿಜವಾದ ವೇಗ ಇನ್ನೂ ಹೆಚ್ಚು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು ಎಂದುಕೊಂಡರೂ ಆ ಹೊತ್ತಿಗೆ 17 ಮೀಟರ್ ಸಾಗಿರುತ್ತದೆ. ಅಂದರೆ 38 ಮೀಟರಿಗೂ ಹಿಂದೆಯೇ ಚಾಲಕ ಅವರನ್ನು ಕಂಡಿದ್ದ. ‘ದಿಢೀರನೆ’ ಎಂಬುದು ಎಲ್ಲಿ ಉಳಿಯಿತು?

ಸಾಕ್ಷಿಕಟ್ಟೆಯಲ್ಲಿ ಎದುರು ವಕೀಲರು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು: “ಮೀಟರು ಸರಿಯಿದೆ ಅನ್ನೋದಕ್ಕೆ ಏನು ಆಧಾರ?” ಅಳೆಯುವ ಮುಂಚೆ ಸ್ಟೀಲ್ ಟೇಪಿಗೆ ಹೋಲಿಸಿ ನೋಡಿದ್ದೆ, ಬರೆದಿಟ್ಟಿರಲಿಲ್ಲ. ನಾಚಿಕೆಯಾಯಿತು. ಮೊಬೈಲ್ ಫೋಟೊಗೆ ಬೇಕಾದ ಪ್ರಮಾಣಪತ್ರವನ್ನು ವಕೀಲರು ಮೊದಲೇ ಹಾಕಿದ್ದು ಪುಣ್ಯ. ಮೂಲ ಮೊಬೈಲನ್ನೇ ಹಾಜರುಪಡಿಸದಿದ್ದರೆ, ಅದಿಲ್ಲದೆ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯ ನಿಲ್ಲುವುದಿಲ್ಲ ಎಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಪಘಾತ ಪರಿಹಾರದ ನ್ಯಾಯಮಂಡಳಿ ನನ್ನ ವೇಗದ ಲೆಕ್ಕವನ್ನು ಪೂರ್ತಿ ಒಪ್ಪಲಿಲ್ಲ, ಘರ್ಷಣೆಯ ಅಂಕಿ ಊಹೆ ಎಂದಿತು. ದೂರವನ್ನು ಒಪ್ಪಿತು. ಇಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ರುಜುವಾತು ಬೇಕಿಲ್ಲ, ಯಾವುದು ಹೆಚ್ಚು ಸಂಭವ ಎಂಬುದೇ ಸಾಕು. 30 ಪಾಲು ಹತ್ತಕ್ಕೆ ಇಳಿಯಿತು. ಆ ಹತ್ತೂ ಸರಿಯಲ್ಲ ಎಂಬುದು ಇವತ್ತಿಗೂ ನನ್ನ ಅಭಿಪ್ರಾಯ, ಪ್ರಬಂಧದಲ್ಲೂ ಹಾಗೇ ಬರೆದಿದ್ದೇನೆ.

ಈಗ ಮೀಟರಿನ ಡಬ್ಬಿಯಲ್ಲಿ ಚಿಕ್ಕ ಪುಸ್ತಕವೊಂದಿದೆ. ತಾರೀಖು, ಹೊತ್ತು, ಬಿಸಿಲೋ ಮೋಡವೋ, ಸ್ಟೀಲ್ ಟೇಪಿನ ಹತ್ತು ಮೀಟರಿಗೆ ಮೀಟರು ತೋರಿಸಿದ್ದೆಷ್ಟು, ಬಿಳಿ ಹಲಗೆ ಹಿಡಿದವರು ಯಾರು, ಎಲ್ಲ ಬರೆದು ಅವರ ರುಜು ಹಾಕಿಸಿಕೊಂಡ ಮೇಲೇ ರಸ್ತೆಗೆ ಇಳಿಯುತ್ತೇನೆ.