ಬುಸಿಯಾದಲ್ಲಿ ಗುಳಿ ರಾಗಿ: ನನ್ನ ಅನುಭವ

ಚೌಕದ ಗುಳಿಗಳಲ್ಲಿ ರಾಗಿ ಸಸಿ ನೆಡುವ ಹಾವೇರಿಯ ಗುಳಿ ಪದ್ಧತಿ ಪಶ್ಚಿಮ ಕೀನ್ಯಾದ ಬುಸಿಯಾದಲ್ಲಿ ನಡೆಯುವುದಿಲ್ಲವೆಂದು ಹಣ ಕೊಡುವವರೂ ರೈತರೂ ಒಂದೇ ದನಿಯಲ್ಲಿ ಹೇಳಿದ್ದರು. ಕಳೆದ ದೊಡ್ಡ ಮಳೆಯ ಹಂಗಾಮಿನಲ್ಲಿ, ಎರಚಿ ಬಿತ್ತಿದ ಹೊಲಗಳು ಎಕರೆಗೆ 90 ಕಿಲೋದ ಮೂರು ಚೀಲ ದಾಟದಿದ್ದಾಗ ನಮ್ಮ ಗುಳಿ ಹೊಲಗಳು ಎಂಟೊಂಬತ್ತು ಚೀಲ ಕೊಟ್ಟವು. ಈ ಬರಹಕ್ಕೆ ಅದೇ ಕಾರಣ.

ಒಂದೂವರೆ ಅಡಿಯ ಚೌಕ, ಗುಳಿಗೆ ಎರಡು ಸಸಿ, ಬೊಗಸೆ ಗೊಬ್ಬರ, ಇವೆಲ್ಲ ಅಲ್ಲಿಯೂ ನಮ್ಮಲ್ಲಿದ್ದಂತೆಯೇ. ಮೊದಲ ಹಂಗಾಮನ್ನು ಕೆಡಿಸಿದ್ದು ಏಪ್ರಿಲ್‌ನಲ್ಲಿ ಕೈಕೊಟ್ಟ ಮಳೆ: ಒಟ್ಲಿನಲ್ಲಿಯೇ (ಸಸಿ ಮಡಿಯಲ್ಲಿಯೇ) ತಿಂಗಳು ದಾಟಿ ಬಲಿತ ಸಸಿಗಳು ನಾಟಿಯಾದ ಮೇಲೆ ತೆಂಡೆ (ಬುಡದ ಕವಲು) ಒಡೆಯದೆ ಗಿಡ್ಡದಾಗಿಯೇ ತೆನೆ ಹಾಕಿದವು, ಎರಡು ಚೀಲವೂ ಬರಲಿಲ್ಲ. ಅಂದಿನಿಂದ ಹತ್ತು ದಿನಗಳ ಅಂತರದಲ್ಲಿ ಎರಡು ಒಟ್ಲು ಹಾಕುತ್ತೇವೆ. ಒಂದು ವ್ಯರ್ಥವಾದರೂ ಬೀಜದ ಖರ್ಚು ಅಲ್ಪ.

ನಿಜವಾದ ಜಗಳ ಕೊರಡಿನದು. ಹೆಚ್ಚು ತೆಂಡೆ ಒಡೆಯಲೆಂದು ಬೇರೂರಿದ ಸಸಿಗಳ ಮೇಲೆ ಕೊರಡನ್ನು, ಅಂದರೆ ಮರದ ತುಂಡನ್ನು, ಎಳೆದು ಬಾಗಿಸುವುದನ್ನು ಕಂಡ ಮಹಿಳಾ ಸಂಘದ ಹಿರಿಯರು ಎತ್ತುಗಳ ಮುಂದೆಯೇ ಬಂದು ನಿಂತರು. ಅರ್ಧ ಹೊಲಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಮುಂದೆ ಅವರೇ ಎಣಿಸಿದಾಗ ಎಳೆದ ಭಾಗದಲ್ಲಿ ಬುಡಕ್ಕೆ ಮೂವತ್ತರ ಆಸುಪಾಸು ತೆಂಡೆಗಳಿದ್ದವು, ಎಳೆಯದ ಕಡೆ ಅದರ ಅರ್ಧ.

ಹಣದ ವಿಚಾರದಲ್ಲಿ ನಾನು ಹಟಮಾರಿ. ಯುರೋಪಿನಿಂದ ಬಂದ ಅನುದಾನದ ಬಹುಪಾಲು ರಸಗೊಬ್ಬರಕ್ಕೆ ಮೀಸಲಾಗಿತ್ತು; ಅದನ್ನು ನಾಟಿಯ ಕೂಲಿಗೆ ತಿರುಗಿಸಲು ಒಂದು ಹಂಗಾಮಿಡೀ ಪತ್ರ ಬರೆದೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಗೊಬ್ಬರದ ಬೆಲೆ ಏರಿದ ಮೇಲೆ ಆ ಕಡೆಯವರು ಮೆತ್ತಗಾದರು. ಎಕರೆಯ ನಾಟಿಗೆ ಏಳೆಂಟು ಸಾವಿರ ಶಿಲಿಂಗ್ ಬೇಕಾಗುತ್ತಿತ್ತು. ರಾಗಿ ಕಿಲೋಗೆ ನೂರರ ಸುಮಾರು ಮಾರುತ್ತಿದ್ದುದರಿಂದ ಹೆಚ್ಚುವರಿಯ ಒಂದೇ ಚೀಲದಲ್ಲಿ ಅದು ಮರಳುತ್ತಿತ್ತು.

ಭಾರತದ ತಳಿಯನ್ನೇಕೆ ತರಲಿಲ್ಲವೆಂದು ಹಲವರು ಕೇಳಿದ್ದಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ (ಇಂಡೋ-ಆಫ್ರಿಕನ್) ತಳಿಗಳನ್ನು ರೂಪಿಸಿದ್ದೇ ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ. ಬೀಜದ ಸಾಲ ಹೊತ್ತವರು ನಾವು. ನಾವು ಒಯ್ಯಬೇಕಾದದ್ದು ಬೇಸಾಯದ ಕ್ರಮವನ್ನು. ಅದಕ್ಕಾಗಿ ಉಗಾಂಡಾ ಮೂಲದ ಪಿ-224 ಮತ್ತು ಯು-15 ತಳಿಗಳಲ್ಲಿಯೇ ಕೆಲಸ ಮಾಡಿದೆ. ಇಥಿಯೋಪಿಯಾದ ತಿಗ್ರಾಯ್‌ನಲ್ಲಿ 2003ರ ಸುಮಾರಿಗೆ ರೈತರು ಅಂತರ ಕೊಟ್ಟು ರಾಗಿ ಸಸಿ ನಾಟಿ ಮಾಡಿ ಗೆದ್ದಿದ್ದರೆಂಬುದು ನನ್ನ ವಾದಕ್ಕೆ ಬಲ ಕೊಟ್ಟಿತ್ತು.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ನೈರೋಬಿಯ ಕೀಟ ಸಂಶೋಧನಾ ಸಂಸ್ಥೆ ಇಸಿಪೆಯು ಬ್ರಿಟನ್ನಿನ ಕೃಷಿ ಸಂಶೋಧನಾ ಕೇಂದ್ರ ರೊಥಾಮ್‌ಸ್ಟೆಡ್ ಜೊತೆಗೂಡಿ ರೂಪಿಸಿದ ತಳ್ಳು-ಸೆಳೆ ಪದ್ಧತಿಯಲ್ಲಿ (ಕೀಟವನ್ನು ಬೆಳೆಯಿಂದ ತಳ್ಳಿ ಅಂಚಿನ ಹುಲ್ಲಿಗೆ ಸೆಳೆಯುವ ಕ್ರಮ) ಬೆಳೆಯ ಬೇರಿನ ಸಾರ ಹೀರುವ ಸ್ಟ್ರೈಗಾ ಕಳೆಯನ್ನು ಡೆಸ್ಮೋಡಿಯಂ ಬಳ್ಳಿ ಅಡಗಿಸುತ್ತದೆ. ರಾಗಿ ಸಾಲುಗಳ ನಡುವೆ ಅದನ್ನು ಬೆಳೆಸಿದಾಗ ಸ್ಟ್ರೈಗಾ ಗಣನೀಯವಾಗಿ ಇಳಿಯಿತು, ಹಸುಗಳಿಗೆ ಮೇವೂ ಸಿಕ್ಕಿತು. ಆದರೆ ಬಹುವಾರ್ಷಿಕ ಬಳ್ಳಿಯಾದ್ದರಿಂದ ಮರುವರ್ಷ ಅಡ್ಡಸಾಲಿನಲ್ಲಿ ಕಳೆ ತೆಗೆಯುವ ಎಡೆಕುಂಟೆ ಹೊಡೆಯಲಾಗಲಿಲ್ಲ. ಈಗ ಅದನ್ನು ಮೆಕ್ಕೆಜೋಳದ ಹೊಲಕ್ಕೆ ಮಾತ್ರ ಬಿಟ್ಟಿದ್ದೇನೆ.

ಕೊರಡನ್ನು ಈಗ ಬುಸಿಯಾದ ಬಡಗಿಯೇ ಮಾಡಿಕೊಡುತ್ತಾನೆ. ಅದರ ತೂಕವನ್ನೂ ನಾಟಿಗೆ ಮುನ್ನ ಸಸಿಯ ಬೇರನ್ನು ನಾನು ಏತರಲ್ಲಿ ಅದ್ದುತ್ತೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.